ದೂರದ ಖರ್ಚು

ಮೊನ್ನೆ ಸಂಜೆ ನಮ್ಮೂರ ವಾಟ್ಸಾಪ್ ಗ್ರೂಪಿಗೆ ಇನ್ನೊಂದು ಪೋಸ್ಟರ್ ಬಂತು. ಶಾಲೆಗೆ ಹೋಗುವ ಮಗು, ಹೃದಯದ ಆಪರೇಷನ್, ಬೆಂಗಳೂರು. ಮೇಲೆ ಯೂನಿಫಾರಂ ಹಾಕಿಕೊಂಡು ನಗುತ್ತಿರುವ ಫೋಟೊ, ಕೆಳಗೆ ಕ್ಯೂಆರ್ ಕೋಡ್, ನಡುವೆ ಕೆಂಪಕ್ಷರದಲ್ಲಿ ‘ಬೇಕಾಗಿರುವ ಹಣ 4,50,000 ರೂಪಾಯಿ’. ಹತ್ತು ನಿಮಿಷದೊಳಗೆ ಗ್ರೂಪಿನ ತುಂಬ ಕೈಮುಗಿಯುವ ಚಿತ್ರಗಳು. ಪೋಸ್ಟರಿನ ಜೊತೆ ಹಾಕಿದ್ದ ಆಸ್ಪತ್ರೆಯ ಎಸ್ಟಿಮೇಟನ್ನು ನಾನು ತೆರೆದು ನೋಡಿದೆ. ಅದರಲ್ಲೂ ಅಷ್ಟೇ, 4,50,000. ಒಂದು ರೂಪಾಯಿ ಹೆಚ್ಚಿಲ್ಲ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪೋಸ್ಟರಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಮಗುವಿನ ಚಿಕ್ಕಮ್ಮ ಎತ್ತಿದಳು. ‘ಈ ಮೊತ್ತ ಸಾಲುವುದಿಲ್ಲ, ನೀವು ಅಲ್ಲಿ ಇರುವ ಖರ್ಚನ್ನೂ ಸೇರಿಸಿ ಕೇಳಬೇಕು’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಗೊತ್ತಕ್ಕ. ಆದರೆ ರೂಮ್ ಬಾಡಿಗೆ, ಬಸ್ ಚಾರ್ಜು ಎಲ್ಲ ಜನರ ಹತ್ತಿರ ಕೇಳಲಿಕ್ಕೆ ಆಗ್ತದಾ? ಎಂತ ಅಂದುಕೊಳ್ತಾರೆ?’ ಅಂದಳು.

ಎರಡು ವರ್ಷದ ಹಿಂದೆ ನಾನೂ ಇದೇ ಮಾತು ಹೇಳಿದ್ದೆ. ಅದರಿಂದ ಆದ ನಷ್ಟವನ್ನು ನಮ್ಮ ಮನೆ ಇವತ್ತಿಗೂ ತೀರಿಸುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ದಯವಿಟ್ಟು ಓದಿ.

ನಮ್ಮದು ಕೊಡಗಿನ ಮಾದಾಪುರದ ಕಡೆ. ಅಣ್ಣನಿಗೆ ಆಗ ಮೂವತ್ತೊಂಬತ್ತು. ವರ್ಷಗಟ್ಟಲೆ ತಲೆನೋವು ಅನ್ನುತ್ತಿದ್ದ, ಬಿಸಿಲಲ್ಲಿ ಕೆಲಸ ಮಾಡಿದ್ದಕ್ಕೆ ಅಂತ ಎಲ್ಲರೂ ಸುಮ್ಮನಾಗುತ್ತಿದ್ದೆವು. ಬಿಪಿ ಅಂತ ಗೊತ್ತಾಗುವಷ್ಟರಲ್ಲಿ ಎರಡೂ ಕಿಡ್ನಿ ಹೋಗಿತ್ತು. ವಾರಕ್ಕೆ ಎರಡು ಸಲ ಮಡಿಕೇರಿಗೆ ಡಯಾಲಿಸಿಸ್. ಅದಕ್ಕಾಗಿ ಎಡಗೈ ಮಣಿಕಟ್ಟಿನ ಮೇಲೆ ಫಿಸ್ಟುಲಾ ಮಾಡಿದ್ದರು, ರಕ್ತನಾಳಗಳೆರಡನ್ನು ಸೇರಿಸಿ ಹೊಲಿದಿರುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ಜೇನುಹುಳ ಸಿಕ್ಕಿಕೊಂಡ ಹಾಗೆ ಝುಂ ಅನ್ನುತ್ತದೆ. ಆ ಝುಂ ನಿಂತರೆ ಫಿಸ್ಟುಲಾ ಮುಚ್ಚಿಹೋಗಿದೆ ಅಂತ ಅರ್ಥ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಅಣ್ಣನ ಸಣ್ಣ ಮಗಳು ಅವನ ಕೈ ಹಿಡಿದು ನೋಡಿ ‘ಉಂಟು’ ಅನ್ನುತ್ತಿದ್ದಳು. ಆರು ವರ್ಷದ ಮಗು.

ಅತ್ತಿಗೆ ಕಿಡ್ನಿ ಕೊಡುತ್ತೇನೆ ಅಂದರು. ರಕ್ತದ ಗುಂಪು ಹೊಂದಿತು. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯವರು 7,80,000 ರೂಪಾಯಿಯ ಎಸ್ಟಿಮೇಟ್ ಬರೆದುಕೊಟ್ಟರು. ಅದು ಮೇ ತಿಂಗಳು.

ಇಲ್ಲಿ ಕೊಡಗಿನ ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮಗೆ ನಾಲ್ಕೂವರೆ ಎಕರೆ ತೋಟ ಇದೆ. ‘ತೋಟ’ ಅಂದ ಕೂಡಲೇ ಎಲ್ಲರ ಮುಖದಲ್ಲೂ ಒಂದು ಬದಲಾವಣೆ ಆಗುತ್ತದೆ, ನಾನು ನೋಡಿದ್ದೇನೆ. ಆ ತೋಟ ಮೇ ತಿಂಗಳಲ್ಲಿ ಏನು ಕೊಡುತ್ತದೆ? ಕಾಫಿಯ ದುಡ್ಡು ವರ್ಷಕ್ಕೊಂದೇ ಸಲ, ಕುಯ್ಲಾಗಿ ಒಣಗಿಸಿ ಮಾರಿದ ಮೇಲೆ. ಮೇಯಲ್ಲಿ ಗಿಡದಲ್ಲಿರುವುದು ಮೆಣಸಿನಕಾಳಿನಷ್ಟು ಹಸಿರು ಮಿಡಿ. ಹಸಿರು ಇರುವಾಗಲೇ ವ್ಯಾಪಾರಿಯ ಹತ್ತಿರ ಮುಂಗಡ ತೆಗೆದುಕೊಂಡರೆ ಅವರು ಹೇಳಿದ್ದೇ ರೇಟು. ಕಾಫಿಯ ನೆರಳಿಗೆ ಬೆಳೆಸಿದ ಸಿಲ್ವರ್ ಮರ ಕೊಡೋಣ ಅಂದರೆ ಮಳೆಗಾಲದಲ್ಲಿ ಮರದ ಲಾರಿ ಓಡಾಡದ ಹಾಗೆ ಜಿಲ್ಲಾಡಳಿತ ನಿಷೇಧ ಹಾಕುತ್ತದೆ, ರಸ್ತೆ ಉಳಿಯಬೇಕಲ್ಲ. ಬ್ಯಾಂಕಿಗೆ ಹೋದರೆ ಪಹಣಿ ಕೇಳುತ್ತಾರೆ. ನಮ್ಮದು ಜಮ್ಮಾ ಜಾಗ, ಅಂದರೆ ಇಡೀ ಮನೆತನಕ್ಕೆ ಒಟ್ಟಾಗಿ ಸೇರಿದ ಹಳೆಯ ಹಿಡುವಳಿ. ಪಹಣಿಯಲ್ಲಿ ಅಜ್ಜಂದಿರ ಕಾಲದ ಪಟ್ಟೇದಾರರ ಹೆಸರು, ಜೊತೆಗೆ ಇನ್ನೂ ಹದಿಮೂರು ಜನ. ಅವರಲ್ಲಿ ನಾಲ್ಕು ಜನ ತೀರಿಹೋಗಿದ್ದಾರೆ. ಯಾರ ಸಹಿ ತರುವುದು? 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ಮುಕ್ಕಾಲು ಎಕರೆ ಹೊಳೆ ಪಾಲಾಗಿತ್ತು, ಆ ಜಾಗಕ್ಕೆ ಪಹಣಿ ಮಾತ್ರ ಈಗಲೂ ಇದೆ.

ಮನೆಯ ಮುಂದೆ ಅಪ್ಪನ ಕಾಲದ ಜೀಪು ನಿಂತಿದೆ. ಅದರಿಂದಾಗಿ ನಮ್ಮದು ಎಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ದಾಟುವ ಹಾಗಿಲ್ಲ. ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆ 2018ರಲ್ಲಿ ನಿಂತುಹೋಗಿ 2023ರ ಜನವರಿಯಿಂದ ಮತ್ತೆ ಶುರುವಾಗಿತ್ತು, ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ಅಣ್ಣ ಸಂಘದ ಸದಸ್ಯ. ನೋಂದಣಿ ಮಾಡಿಸಿರಲಿಲ್ಲ. ಗೊಬ್ಬರ ತರಲು ಹೋದಾಗಲೆಲ್ಲ ನೋಟಿಸ್ ಬೋರ್ಡಿನಲ್ಲಿ ಕಣ್ಣಿಗೆ ಬೀಳುತ್ತಿತ್ತಂತೆ. ಓದುತ್ತಿರುವ ನೀವು ಯಾವುದಾದರೂ ಸಂಘದ ಸದಸ್ಯರಾಗಿದ್ದರೆ ಈ ಸಲದ ನೋಂದಣಿ ಯಾವಾಗ, ಯಾವುದಕ್ಕೆಲ್ಲ ಸಿಗುತ್ತದೆ ಅಂತ ನಾಳೆಯೇ ಹೋಗಿ ಕೇಳಿ.

ಹೀಗಾಗಿ ಜನರ ಹತ್ತಿರ ಕೇಳುವುದೊಂದೇ ಉಳಿಯಿತು. ದೊಡ್ಡಪ್ಪ ಅಂಗಳದಲ್ಲಿ ನಿಂತು ‘ತೋಟ ಇಟ್ಟುಕೊಂಡು ಊರಿನ ಮುಂದೆ ಕೈ ಚಾಚುವುದಾ?’ ಅಂದರು. ಅವರನ್ನು ದೂರುವುದಿಲ್ಲ, ಆ ಮಾತು ನಮ್ಮೆಲ್ಲರ ಹೊಟ್ಟೆಯಲ್ಲೂ ಇತ್ತು. ಆದರೆ ಆ ರಾತ್ರಿ ನನಗೆ 2018 ನೆನಪಾಯಿತು. ಆಗ ಪರಿಹಾರ ಕೇಂದ್ರದಲ್ಲಿ ಇದೇ ದೊಡ್ಡಪ್ಪ, ಇದೇ ನಾವು, ಎಲ್ಲಿಂದಲೋ ಬಂದ ಅಕ್ಕಿ, ಯಾರೋ ಕಳಿಸಿದ ಕಂಬಳಿ ತೆಗೆದುಕೊಂಡಿದ್ದೆವು. ಯಾರಿಗೂ ನಾಚಿಕೆ ಆಗಿರಲಿಲ್ಲ. ಊರಿಗೇ ಬಂದ ಕಷ್ಟಕ್ಕೆ ಇಲ್ಲದ ನಾಚಿಕೆ ಒಂದೇ ಮನೆಗೆ ಬಂದ ಕಷ್ಟಕ್ಕೆ ಯಾಕೆ? ನನಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಆದರೆ ಆ ನಾಚಿಕೆಯಿಂದಲೇ ನಾವು ಕೇಳುವುದನ್ನು ಐದು ವಾರ ತಡಮಾಡಿದೆವು, ಕೇಳುವಾಗ ಕಡಿಮೆ ಕೇಳಿದೆವು, ಬೇಗ ನಿಲ್ಲಿಸಿದೆವು.

ಹಣ ಬಂತು. ಅಟ್ಟದಲ್ಲಿ ಕಷ್ಟಕಾಲಕ್ಕೆ ಅಂತ ಇಟ್ಟಿದ್ದ ಮೂರು ಚೀಲ ಕರಿಮೆಣಸು ಮೊದಲು ಹೋಯಿತು. ಅಣ್ಣನ ಸುಂಟಿಕೊಪ್ಪದ ಫುಟ್‌ಬಾಲ್ ಗೆಳೆಯರು ಮಳೆಯಲ್ಲೇ ಒಂದು ಪಂದ್ಯ ಆಡಿಸಿ ಬಕೆಟ್ ಹಿಡಿದು ಸುತ್ತಿದರು. ಆಟೋದವರು ಒಂದು ದಿನದ ದುಡಿಮೆ ಕೊಟ್ಟರು. ದುಬೈಯಿಂದ, ಬೆಂಗಳೂರಿನಿಂದ, ನಮಗೆ ಪರಿಚಯವೇ ಇಲ್ಲದ ಊರುಗಳಿಂದ ಬಂತು. ನಾನು ಕುಶಾಲನಗರದ ಒಂದು ಶಾಲೆಯ ಆಫೀಸಿನಲ್ಲಿ ಲೆಕ್ಕ ಬರೆಯುವವಳು, ಪ್ರತಿ ರೂಪಾಯಿಯನ್ನೂ ಒಂದು ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆದಿಟ್ಟೆ. ಜುಲೈ ಕೊನೆಗೆ ಒಟ್ಟು 7,80,000 ದಾಟಿತು. ಆ ರಾತ್ರಿಯೇ ಗ್ರೂಪಿಗೆಲ್ಲ ‘ಗುರಿ ತಲುಪಿದೆ, ಇನ್ನು ಯಾರೂ ಹಾಕಬೇಡಿ, ನಿಮ್ಮ ಋಣ ತೀರಿಸಲಾರೆವು’ ಅಂತ ಹಾಕಿದೆ. ಪ್ರಾಮಾಣಿಕತೆ ಅಂದುಕೊಂಡು ಮಾಡಿದ ಕೆಲಸ ಅದು. ನಾನು ಮಾಡಿದ ದೊಡ್ಡ ತಪ್ಪೂ ಅದೇ.

ಯಾಕೆಂದರೆ ಎಸ್ಟಿಮೇಟ್ ಹೇಳುವುದು ಆಪರೇಷನ್ ಥಿಯೇಟರ್, ವಾರ್ಡು, ಐಸಿಯು, ಆ ಹತ್ತು ಹನ್ನೆರಡು ದಿನದ ಔಷಧಿ, ಡಾಕ್ಟರ ಫೀಸು. ಮನೆಗೂ ಆಸ್ಪತ್ರೆಗೂ ನಡುವೆ ಇರುವ 270 ಕಿಲೋಮೀಟರಿನ ಲೆಕ್ಕ ಅದರಲ್ಲಿ ಇಲ್ಲ.

ಆ ಲೆಕ್ಕ ಆಪರೇಷನ್ನಿಗಿಂತ ಎಷ್ಟೋ ಮೊದಲೇ ಶುರುವಾಗುತ್ತದೆ. ಅಂಗ ಕೊಡುವವರು ಯಾರ ಒತ್ತಾಯಕ್ಕೂ, ಯಾರ ದುಡ್ಡಿಗೂ ಕೊಡುತ್ತಿಲ್ಲ ಅಂತ ಖಾತ್ರಿಯಾಗಬೇಕು. 1994ರ ಅಂಗಾಂಗ ಕಸಿ ಕಾಯ್ದೆ ಹಾಗೆ ಹೇಳುತ್ತದೆ, ಹೇಳಲೇಬೇಕು. ಗಂಡ ಹೆಂಡತಿ ಅನ್ನುವುದಕ್ಕೆ ದಾಖಲೆ ಬೇಕು. ಇವರ ಮದುವೆ ಹದಿಮೂರು ವರ್ಷದ ಹಿಂದೆ ಮನೆಯಂಗಳದ ಚಪ್ಪರದಲ್ಲಿ ಆಗಿದ್ದು, ನೋಂದಣಿ ಆಗಿರಲಿಲ್ಲ. ಅದನ್ನು ಮಾಡಿಸಿದೆವು. ವಂಶವೃಕ್ಷಕ್ಕೆ ನಾಡಕಚೇರಿ. ಆಧಾರಿನಲ್ಲಿ ಅತ್ತಿಗೆಯ ಹೆಸರಿನ ಮುಂದೆ ತವರಿನ ಇನಿಷಿಯಲ್, ಅದನ್ನು ತಿದ್ದಿಸಬೇಕು. ಒಂದೊಂದು ಕಾಗದಕ್ಕೂ ಒಂದೊಂದು ಪ್ರಯಾಣ, ಜೊತೆಗೆ ಇಬ್ಬರ ಪರೀಕ್ಷೆಗಳು, ಕಮಿಟಿಯ ಮುಂದೆ ಸಂದರ್ಶನ. ಜೂನ್ ಜುಲೈ ಮಳೆಯಲ್ಲಿ ಐದು ಸಲ ಹೋಗಿ ಬಂದರು. ಡಯಾಲಿಸಿಸ್ ದಿನ ತಪ್ಪುವ ಹಾಗಿಲ್ಲ, ಹಾಗಾಗಿ ರಾತ್ರಿ ಹೊರಟು ಮಾರನೇ ರಾತ್ರಿ ವಾಪಸ್ಸು. ನೀರು ಕುಡಿಯಲು ಮಿತಿ ಇರುವ ಮನುಷ್ಯ ಬಸ್ಸಿನ ಕಿಟಕಿಗೆ ತಲೆಯಿಟ್ಟು, ನಾಲಗೆಯ ಮೇಲೆ ಒಂದು ಐಸ್ ತುಂಡು ಇಟ್ಟುಕೊಂಡು.

ಆಪರೇಷನ್ ಆದ ಮೇಲೆ ಮನೆಗೆ ಕಳಿಸುತ್ತಾರೆ ಅಂತ ನಾವು ತಿಳಿದಿದ್ದೆವು. ಸುಮಾರು ಮೂರು ತಿಂಗಳು ಆಸ್ಪತ್ರೆಯ ಹತ್ತಿರವೇ ಇರಿ ಅಂದರು. ಹೊಸ ಕಿಡ್ನಿಯನ್ನು ದೇಹ ಪರಕೀಯ ಅಂದುಕೊಂಡು ತಿರಸ್ಕರಿಸದ ಹಾಗೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮಾತ್ರೆ ಕೊಡುತ್ತಾರೆ. ಬೆಳಿಗ್ಗೆ ಒಂಬತ್ತು, ರಾತ್ರಿ ಒಂಬತ್ತು, ಹೊತ್ತು ತಪ್ಪುವ ಹಾಗಿಲ್ಲ, ಜೀವನಪರ್ಯಂತ. ಶುರುವಿನಲ್ಲಿ ವಾರಕ್ಕೆರಡು ಸಲ ರಕ್ತ ಕೊಟ್ಟು ಆ ಮಾತ್ರೆಯ ಪ್ರಮಾಣ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ಕ್ರಿಯಾಟಿನಿನ್ ಎಲ್ಲ ನೋಡಿಸಬೇಕು. ಸಣ್ಣ ಸೋಂಕೂ ದೊಡ್ಡದಾಗಬಹುದು, ಆದ್ದರಿಂದ ಹೋಟೆಲ್ ಊಟ ಇಲ್ಲ, ಬಸ್ಸು ಇಲ್ಲ, ಹತ್ತು ಜನರ ಜೊತೆ ಧರ್ಮಶಾಲೆಯಲ್ಲಿ ಮಲಗುವ ಹಾಗೂ ಇಲ್ಲ. ಅಡುಗೆಮನೆ ಇರುವ ಪ್ರತ್ಯೇಕ ರೂಮೇ ಬೇಕು. ನಾಲ್ಕು ಜಾಗ ನೋಡಿದೆವು. ಪೇಷಂಟ್ ಅಂದ ಕೂಡಲೇ ಎರಡು ಕಡೆ ಬಾಗಿಲು ಹಾಕಿದರು. ಕೊನೆಗೆ ಒಂದು ಸಿಕ್ಕಿತು, ತಿಂಗಳಿಗೆ 16,000.

ಆ ಖಾಲಿ ರೂಮಿನಲ್ಲಿ ನಿಂತು ಅಮ್ಮ ‘ಒಂದು ಲೋಟವೂ ಇಲ್ಲವಲ್ಲೇ’ ಅಂದರು. ಊರಿನಲ್ಲಿ ಅಟ್ಟದ ತುಂಬ ಪಾತ್ರೆ ಇರುವ ಮನೆ ನಮ್ಮದು. ಕುಕ್ಕರ್, ಸಣ್ಣ ಗ್ಯಾಸ್ ಒಲೆ, ಬಾಣಲೆ, ಮುಚ್ಚಳವಿರುವ ಬಕೆಟ್, ನೀರು ಕುದಿಸುವ ಕೆಟಲ್, ಹಾಸಿಗೆ, ಬಿಪಿ ನೋಡುವ ಮೆಷಿನ್, ಥರ್ಮಾಮೀಟರ್, ಮೂತ್ರ ಅಳೆಯುವ ಜಗ್ಗು. ಎರಡು ದಿನದಲ್ಲಿ 19,000 ರೂಪಾಯಿ.

ನನ್ನ ಪುಸ್ತಕದ ಹಿಂದಿನ ಪುಟದಿಂದ ಈ ಲೆಕ್ಕ ಬೇರೆಯಾಗಿ ಶುರುವಾಗುತ್ತದೆ. ಮೇಲೆ ‘ದೂರದ ಖರ್ಚು’ ಅಂತ ಬರೆದಿದ್ದೇನೆ. ಆಪರೇಷನ್ನಿಗೆ ಮೊದಲಿನ ಓಡಾಟ ಮತ್ತು ಪರೀಕ್ಷೆ 62,000. ನಾಲ್ಕು ತಿಂಗಳ ಬಾಡಿಗೆ 64,000. ಊಟ, ಹಾಲು, ಗ್ಯಾಸು 60,000. ಟ್ಯಾಕ್ಸಿ 48,000. ಆಸ್ಪತ್ರೆಯಿಂದ ಬಿಟ್ಟ ಮೇಲಿನ ಔಷಧಿ ಮತ್ತು ರಕ್ತಪರೀಕ್ಷೆ 1,95,000. ಪಾತ್ರೆ ಸಾಮಾನು ಸೇರಿ ಒಟ್ಟು 4,48,000 ರೂಪಾಯಿ. ಆಸ್ಪತ್ರೆಯ ಬಿಲ್ಲು ಎಸ್ಟಿಮೇಟನ್ನು ದಾಟಿದ್ದು ಬೇರೆ. ಇದಕ್ಕೆಲ್ಲ ಯಾರ ಹತ್ತಿರವೂ ಕೇಳಲಿಲ್ಲ, ‘ಗುರಿ ತಲುಪಿದೆ’ ಅಂತ ಸಾರಿ ಆಗಿತ್ತಲ್ಲ. ಅತ್ತಿಗೆಯ ಬಳೆ, ನನ್ನ ಸರ, ಉಳಿದದ್ದು ಕೈಸಾಲ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಅದು ಇನ್ನೂ ತೀರಿಲ್ಲ.

ಪುಸ್ತಕದಲ್ಲಿ ಬರೆಯಲಾಗದ್ದೂ ಇದೆ. ಮಳೆ ಬಿಡುವು ಕೊಟ್ಟಾಗ ಬೋರ್ಡೋ ಔಷಧಿ ಹೊಡೆಸಲು ತೋಟದಲ್ಲಿ ಯಾರೂ ಇರಲಿಲ್ಲ. ಕೊಳೆ ರೋಗ ಬಂದು ಕಾಯಿ ಉದುರಿತು, ಆ ವರ್ಷ ಅರೇಬಿಕಾ ಅರ್ಧಕ್ಕಿಂತ ಕಡಿಮೆ. ಹಸು ಎರಡನ್ನೂ ಕೊಟ್ಟುಬಿಟ್ಟೆವು. ಮಕ್ಕಳು ನನ್ನ ಮನೆಗೆ ಬಂದರು, ಶಾಲೆ ಬದಲಾಯಿತು. ಅತ್ತಿಗೆ ಬಟ್ಟೆ ಹೊಲಿದು ತಿಂಗಳಿಗೆ ಐದಾರು ಸಾವಿರ ದುಡಿಯುತ್ತಿದ್ದವರು, ಮೂರು ತಿಂಗಳು ಮೆಷಿನ್ ತುಳಿಯುವ ಹಾಗಿರಲಿಲ್ಲ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಅವರ ದುಡಿಮೆ ನಿಂತದ್ದು ಯಾವ ಎಸ್ಟಿಮೇಟಿನಲ್ಲೂ ಇಲ್ಲ, ಯಾವ ಪೋಸ್ಟರಿನಲ್ಲೂ ಇಲ್ಲ. ನಾನು ಹಾಕಿದ ಪೋಸ್ಟರಿನಲ್ಲೂ ಅಣ್ಣನ ಫೋಟೊ ಮಾತ್ರ ಇತ್ತು. ಆಪರೇಷನ್ ಆದ ಮೂರನೇ ದಿನ ಅತ್ತಿಗೆ ಹೊಟ್ಟೆಗೆ ದಿಂಬು ಒತ್ತಿ ಹಿಡಿದುಕೊಂಡು, ಗೋಡೆ ಹಿಡಿದು ನಡೆದು ನರ್ಸಿನ ಮೇಜಿನ ತನಕ ಬಂದು ಕೇಳಿದ್ದು ಒಂದೇ ಮಾತು: ‘ಇವತ್ತು ಎಷ್ಟು ಮಿಲಿ?’ ಅಣ್ಣನಿಗೆ ಎಷ್ಟು ಮೂತ್ರ ಹೋಗಿದೆ ಅಂತ. ನರ್ಸು ಹೇಳಿದ ಸಂಖ್ಯೆ ಕೇಳಿ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತರು.

ಇನ್ನೊಂದು ಕಹಿ ಸಂಗತಿ ಹೇಳಿಬಿಡುತ್ತೇನೆ. ನಮ್ಮ ಪೋಸ್ಟರ್ ತಿರುಗಲು ಶುರುವಾಗಿ ಹತ್ತು ದಿನಕ್ಕೆ ಅದೇ ಫೋಟೊ, ಅದೇ ಬರಹ, ಕ್ಯೂಆರ್ ಕೋಡ್ ಮಾತ್ರ ಬೇರೆ ಇರುವ ಇನ್ನೊಂದು ಪೋಸ್ಟರ್ ಎಲ್ಲಿಂದಲೋ ಬಂತು. ಯಾರು ಮಾಡಿದರೋ, ಎಷ್ಟು ಜನ ಹಾಕಿದರೋ. ಪೊಲೀಸರಿಗೆ ದೂರು ಕೊಟ್ಟೆವು. ಆಮೇಲೆ ದಿನಾ ರಾತ್ರಿ ಎಂಟು ಗಂಟೆಗೆ ನಾನು ಪುಸ್ತಕದ ಆ ದಿನದ ಪುಟದ ಫೋಟೊ ಹಾಕತೊಡಗಿದೆ, ಖಾತೆದಾರರ ಹೆಸರನ್ನು ದೊಡ್ಡದಾಗಿ ಬರೆದು. ಅನುಮಾನಪಟ್ಟು ದೂರ ಉಳಿದಿದ್ದವರು ಆಗ ಮತ್ತೆ ಬಂದರು. ಈಗ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಆಪರೇಷನ್ನಿನ ಹಣ ಆದಷ್ಟೂ ನೇರ ಆಸ್ಪತ್ರೆಯ ಖಾತೆಗೇ ಹೋಗಲಿ, ರೋಗಿಯ ಹೆಸರಿನಲ್ಲಿ ರಸೀದಿ ಸಿಗಲಿ. ದೂರದ ಖರ್ಚಿಗೆ ಮನೆಯವರ ಒಂದೇ ಖಾತೆ, ಅದರ ಲೆಕ್ಕ ದಿನಾ ಎಲ್ಲರ ಮುಂದೆ. ಉಳಿದರೆ ಯಾರಿಗೆ ಕೊಡುತ್ತೀರಿ ಅಂತ ಮೊದಲೇ ಬರೆಯಿರಿ.

ಜನ ಕೇಳುತ್ತಾರೆ, ಇಲ್ಲೇ ಒಂದು ಆಸ್ಪತ್ರೆ ಆಗಬಾರದಾ ಅಂತ. 2019ರಲ್ಲಿ ಇದೇ ಬೇಡಿಕೆಗೆ ಕೊಡಗಿನ ಹುಡುಗ ಹುಡುಗಿಯರು ಟ್ವಿಟ್ಟರಿನಲ್ಲಿ ದೊಡ್ಡ ಅಭಿಯಾನ ಮಾಡಿದರು, ರಾಜ್ಯವೆಲ್ಲ ತಿರುಗಿ ನೋಡಿತು. ಮಡಿಕೇರಿಯಲ್ಲಿ 2016ರಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾಗಿದೆ, ಅಲ್ಲಿಯ ಡಯಾಲಿಸಿಸ್ ಇಲ್ಲದಿದ್ದರೆ ಅಣ್ಣ ಆಪರೇಷನ್ ತನಕ ಉಳಿಯುತ್ತಿರಲಿಲ್ಲ. ಆದರೆ ಕಸಿಯಂಥ ಆಪರೇಷನ್ನಿಗೆ ಘಟ್ಟ ಇಳಿಯಲೇಬೇಕು. ಮಡಿಕೇರಿಯಿಂದ ಮೈಸೂರು 120 ಕಿಲೋಮೀಟರ್, ಮಂಗಳೂರು 140ರ ಹತ್ತಿರ, ಬೆಂಗಳೂರು 260ರ ಮೇಲೆ. ರೈಲಿಲ್ಲ. 2018ರಲ್ಲಿ ಸಂಪಾಜೆ ಘಾಟಿ ಕುಸಿದಾಗ ಮಂಗಳೂರಿನ ದಾರಿಯೇ ಮುಚ್ಚಿಹೋಗಿತ್ತು. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಗೆ ಐದೂವರೆ ಲಕ್ಷ ಜನ. ಇಷ್ಟು ಜನರಿಗೆ ಎಲ್ಲ ತರದ ತಜ್ಞರು ಇಲ್ಲಿಗೇ ಬರುವ ದಿನಕ್ಕಾಗಿ ನಾವು ಕೇಳುತ್ತಲೇ ಇರಬೇಕು, ನಾನೂ ಕೇಳುತ್ತೇನೆ. ಅಲ್ಲಿಯ ತನಕ ದೂರ ಇದ್ದೇ ಇರುತ್ತದೆ, ಅದರ ಖರ್ಚನ್ನು ಒಂದೊಂದೇ ಮನೆ ಒಬ್ಬೊಬ್ಬರೇ ಹೊರುವುದು ಸರಿಯಲ್ಲ ಅನ್ನುವುದು ನನ್ನ ವಾದ. ನಮ್ಮ ಊರೂರಿನಲ್ಲಿ ಸಹಕಾರ ಸಂಘ ಇದೆ, ದೇವಸ್ಥಾನ ಸಮಿತಿ, ಮಸೀದಿ, ಚರ್ಚು, ಯುವಕ ಸಂಘ, ಮಹಿಳಾ ಸಮಾಜ ಇದೆ. ಯಾವುದಾದರೂ ಒಂದು, ಈ ದೂರಕ್ಕೆಂದೇ ಒಂದು ಸಣ್ಣ ನಿಧಿ ಇಡಲಿ. ಕಾಫಿ ಮಾರುವ ಹೊತ್ತಿಗೆ ಮನೆಗೆ ಇನ್ನೂರು ರೂಪಾಯಿ ಹಾಕಿದರೆ ಸಾಕು.

ಹಣ ಕೊಡಲಾಗದವರೂ ದೂರವನ್ನು ಕಡಿಮೆ ಮಾಡಬಹುದು. ಬೆಂಗಳೂರಿನಲ್ಲಿರುವ ನಮ್ಮೂರ ಒಬ್ಬ ಹುಡುಗ ಹದಿನಾಲ್ಕು ಶನಿವಾರ ತನ್ನ ಕಾರಿನಲ್ಲಿ ಅಣ್ಣನನ್ನು ರಕ್ತಪರೀಕ್ಷೆಗೆ ಕರೆದುಕೊಂಡು ಹೋದ. ಮಡಿಕೇರಿ ಬಸ್ಸಿನವರು ಅಮ್ಮನಿಗೆ ಬೇಕಾದ ಅಕ್ಕಿ, ತೆಂಗಿನಕಾಯಿ, ಬಾಳೆಕಾಯಿ ತುಂಬಿದ ಚೀಲವನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ತಲುಪಿಸಿದರು. ಪಕ್ಕದ ತೋಟದವರು ನಾವು ಕೇಳದೆಯೇ ನಮ್ಮ ಗದ್ದೆ ನಾಟಿ ಮಾಡಿಸಿದ್ದರು. ಈ ಮೂರನ್ನೂ ಪುಸ್ತಕದಲ್ಲಿ ಬರೆದಿದ್ದೇನೆ, ಮೊತ್ತದ ಜಾಗ ಖಾಲಿ ಬಿಟ್ಟು.

ಅಣ್ಣ ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಎರಡು ವಾರ ಮೊದಲು ಮನೆಗೆ ಬಂದ. ಈಗ ಚೆನ್ನಾಗಿದ್ದಾನೆ. ಫೋನಿನಲ್ಲಿ ಒಂಬತ್ತು ಗಂಟೆಯ ಅಲಾರಾಂ ಹೊಡೆದರೆ ಮನೆಯಲ್ಲಿರುವ ಯಾರೇ ಆಗಲಿ ನೀರಿನ ಲೋಟ ತಂದಿಡುತ್ತಾರೆ.

ಮತ್ತೆ ಆ ಮಗುವಿನ ಚಿಕ್ಕಮ್ಮನ ಮಾತಿಗೆ ಬರುತ್ತೇನೆ. ಅವಳಿಗೆ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಆರ್‌ಬಿಎಸ್‌ಕೆ ತಂಡದವರನ್ನು ನೋಡಲು ಹೇಳಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದೊಳಗಿನ ಮಕ್ಕಳಿಗೆ ಹುಟ್ಟಿನಿಂದ ಬಂದ ಹೃದಯದ ತೊಂದರೆಗೂ ಚಿಕಿತ್ಸೆ ಇದೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಾಸಕರ ಪತ್ರದ ಜೊತೆ ಅರ್ಜಿ ಕೊಡಲು ಹೇಳಿದೆ. ಆಪರೇಷನ್ನೇ ಉಚಿತವಾದರೂ ಆ ತಾಯಿ ತಂದೆ ಬೆಂಗಳೂರಿನಲ್ಲಿ ಎಲ್ಲೋ ಮಲಗಬೇಕಲ್ಲ, ತಂದೆಯ ಕೂಲಿ ನಿಲ್ಲುತ್ತದಲ್ಲ, ಅದನ್ನೂ ಪೋಸ್ಟರಿನಲ್ಲಿ ಬರೆ ಅಂದೆ. ನಿನ್ನೆ ರಾತ್ರಿ ಹೊಸದು ಕಳಿಸಿದ್ದಾಳೆ. ‘ಆಪರೇಷನ್ನಿಗೆ’ ಅಂತ ಒಂದು ಸಾಲು, ಅದರ ಕೆಳಗೆ ‘ಅಲ್ಲಿ ಇರುವುದಕ್ಕೆ, ಓಡಾಟಕ್ಕೆ, ಆಮೇಲಿನ ಔಷಧಿಗೆ’ ಅಂತ ಇನ್ನೊಂದು.

ನಮ್ಮ ಆ ರೂಮಿನ ಸಾಮಾನನ್ನೆಲ್ಲ ಊರಿಗೆ ತಂದು ತೊಳೆದು ಒಂದು ತಗಡಿನ ಟ್ರಂಕಿನಲ್ಲಿ ಇಟ್ಟಿದ್ದೇವೆ. ಹೋದ ವರ್ಷ ಅದು ಮೈಸೂರಿಗೆ ಒಂದು ಮನೆಯವರ ಜೊತೆ ಹೋಗಿ ಬಂತು, ಈ ವರ್ಷ ಮಂಗಳೂರಿಗೆ. ಹೋದವರು ಏನಾದರೊಂದು ಸೇರಿಸಿ ವಾಪಸ್ಸು ಕಳಿಸುತ್ತಾರೆ. ಈಗ ಅದರಲ್ಲಿ ಎರಡು ಕಂಬಳಿ, ಒಂದು ಟಾರ್ಚು, ಮಕ್ಕಳು ಹಾಲು ಕುಡಿಯುವ ಒಂದು ಸ್ಟೀಲ್ ಲೋಟ ಇದೆ. ಮೂತ್ರ ಅಳೆಯುವ ಜಗ್ಗನ್ನು ಈ ಸಲ ಅತ್ತಿಗೆ ಹೊರಗೆ ತೆಗೆದಿಟ್ಟು, ಆ ಜಾಗದಲ್ಲಿ ಮಗಳ ಹಳೆಯ ಸ್ವೆಟರ್ ಮಡಚಿ ಇಟ್ಟಿದ್ದಾರೆ. ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಹಾಕಿಸಿದ್ದೇವೆ. ಮಂಗಳವಾರ ರಾತ್ರಿ ಬಸ್ಸಿಗೆ ಅಣ್ಣನೇ ಜೀಪಿನಲ್ಲಿ ಅದನ್ನು ಸುಂಟಿಕೊಪ್ಪದ ತನಕ ಕೊಂಡೊಯ್ಯುತ್ತಾನೆ. ಬೆಳಿಗ್ಗೆ ಐದಕ್ಕೆ ಬೆಂಗಳೂರಿನ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿಸಿಕೊಂಡು ರೂಮಿನ ತನಕ ಮುಟ್ಟಿಸುವವರು ಯಾರಾದರೂ ಇದ್ದರೆ ತಿಳಿಸಿ.